ವಾಸು ಆಚಾರಿಯವರ ಗಾಳಿಪೆಟ್ಟಿಗೆ

ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತರುವವರು ಬಹಳ ಸಂಕೋಚದ ಮನುಷ್ಯ. ಆದರೂ ಮೊನ್ನೆ ಟಿ.ವಿ. ಪಕ್ಕದ ಮರದ ಪೆಟ್ಟಿಗೆಯನ್ನು ನೋಡಿ ಕೇಳಿಯೇ ಬಿಟ್ಟರು.

“ಮೇಡಂ, ಇದ್ರಲ್ಲಿ ಎಂತ ಉಂಟು?”

“ಎಂತ ಇಲ್ಲ. ಗಾಳಿ.”

“ಗಾಳಿ ಹಾಕ್ಲಿಕ್ಕೆ ಹಲಸಿನ ಮರವಾ ಮಾರಾಯ್ರೆ!”

ಅವರು ನಗುತ್ತಾ ಖಾಲಿ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಹೋದರು. ನನಗೆ ಮಾತ್ರ ನಗು ಬರಲಿಲ್ಲ. ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ, ಮೂವತ್ತೊಂದು ವರ್ಷಗಳ ಹಿಂದೆ ಇನ್ನೊಬ್ಬರು ನನಗೆ ಹೇಳಿದ್ದರು. ಪೆಟ್ಟಿಗೆ ಮಾಡಿದವರೇ ಅವರು. ಹೋದ ತಿಂಗಳು ತೀರಿಕೊಂಡರು.

ಈ ಪೆಟ್ಟಿಗೆಯ ಬಗ್ಗೆ ನಿಮಗೆ ಹೇಳಬೇಕು. ನೀವು ಶಾಲೆಯಲ್ಲಿ ರಸಾಯನಶಾಸ್ತ್ರವೆಂದರೆ ಓಡಿಹೋಗುತ್ತಿದ್ದವರಾದರೂ ಹೆದರಬೇಡಿ. ಅದನ್ನು ಸುಮಾರು ಮೂವತ್ತು ವರ್ಷ ಕಲಿಸಿದ ನನಗೇ ಈಗ ಅರ್ಧ ಮರೆತಿದೆ. ಮರೆಯದೆ ಉಳಿದದ್ದು ಒಂದು ಸಂಖ್ಯೆ: ಇಪ್ಪತ್ತೆರಡು ಪಾಯಿಂಟ್ ನಾಲ್ಕು. ಎರಡು ಗ್ರಾಂ ಹೈಡ್ರೋಜನ್ ತೆಗೆದುಕೊಳ್ಳಿ, ಮೂವತ್ತೆರಡು ಗ್ರಾಂ ಆಕ್ಸಿಜನ್ ತೆಗೆದುಕೊಳ್ಳಿ, ನಲವತ್ತನಾಲ್ಕು ಗ್ರಾಂ ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳಿ. ತೂಕ ಬೇರೆ ಬೇರೆ. ಆದರೆ ಇವಕ್ಕೆ ಕೂತುಕೊಳ್ಳಲು ಬೇಕಾಗುವ ಜಾಗ ಒಂದೇ, 22.4 ಲೀಟರ್. ಇದಕ್ಕೆ ಒಂದು ‘ಮೋಲ್’ ಅನಿಲದ ಗಾತ್ರ ಎನ್ನುತ್ತಾರೆ. ಯಾವ ಅನಿಲವಾದರೂ ಅಷ್ಟೇ. ನನಗೆ ಓದುವ ಕಾಲದಲ್ಲೇ ಈ ಸಂಗತಿ ಬಹಳ ಚಂದ ಕಂಡಿತ್ತು.

ನನಗೆ ಚಂದ ಕಂಡರೆ ಸಾಕೇ? ಆಗಷ್ಟೇ ಕಡಬದ ಕಾಲೇಜಿನಲ್ಲಿ ಮೊದಲ ಪಿ.ಯು.ಸಿ. ಮಕ್ಕಳಿಗೆ ಕಲಿಸಲು ಸೇರಿದ್ದೆ. ಕಡಬ ಆಗ ತಾಲೂಕು ಆಗಿರಲಿಲ್ಲ, ಒಂದು ಪೇಟೆ ಅಷ್ಟೆ. ಬಸ್ಸಿನಲ್ಲೂ ಜೀಪಿನಲ್ಲೂ ಜೋತುಬಿದ್ದು ಬರುವ ಮಕ್ಕಳು. 22.4 ಲೀಟರ್ ಎಂದರೆ ಎಷ್ಟು ದೊಡ್ಡದು ಎಂದು ಕೇಳಿದೆ. ಒಬ್ಬ ಎರಡೂ ಕೈ ಚಾಚಿ ತೋರಿಸಿದ. ಇನ್ನೊಬ್ಬಳು ಚೊಂಬಿನಷ್ಟು ಎಂದಳು. ಹಿಂದಿನ ಬೆಂಚಿನಿಂದ ಒಬ್ಬ “ಹದಿನೈದು ಕಿಲೋದ್ದು ಒಂದೂವರೆ ಡಬ್ಬ ತೆಂಗಿನೆಣ್ಣೆ” ಎಂದ. ಎಲ್ಲರೂ ನಕ್ಕರು, ಆದರೆ ಸರಿಗೆ ಹತ್ತಿರ ಬಂದವನು ಅವನೊಬ್ಬನೇ. ಅವತ್ತೇ ನಿಶ್ಚಯಿಸಿದೆ, ಇವರಿಗೆ ಕಣ್ಣಿಗೆ ಕಾಣುವ ಹಾಗೆ ಒಂದು ಪೆಟ್ಟಿಗೆ ಮಾಡಿಸಬೇಕು. ಉದ್ದ, ಅಗಲ, ಎತ್ತರ ಮೂರೂ ಒಳಗಿನಿಂದ 28.2 ಸೆಂಟಿಮೀಟರ್. ಅಷ್ಟಾದರೆ ಸರಿಯಾಗಿ 22.4 ಲೀಟರ್.

ವಾಸು ಆಚಾರಿಯವರ ಮನೆ ನೆಟ್ಟಣಕ್ಕೆ ಹೋಗುವ ದಾರಿಯಲ್ಲಿ. ಅಂಗಳದ ಬದಿಗೆ ಶೀಟು ಹಾಕಿದ ಕೊಟ್ಟಿಗೆಯೇ ಅವರ ಕೆಲಸದ ಜಾಗ. ಆ ಭಾಗದಲ್ಲಿ ಅವರ ಹೆಸರು ತೊಟ್ಟಿಲಿಗೆ. ಹಿಂದುಗಳ ಮನೆಯಿರಲಿ, ಮುಸಲ್ಮಾನ ಬ್ಯಾರಿಗಳ ಮನೆಯಿರಲಿ, ಚೊಚ್ಚಲ ಬಸುರಿ ಇದ್ದಾಳೆಂದರೆ ಮನೆಯವರು ಏಳನೇ ತಿಂಗಳಲ್ಲಿ ಅವರಲ್ಲಿಗೆ ಹೋಗಿ ಹೇಳಿ ಬರುತ್ತಿದ್ದರು. ನಾನು ಹೋದದ್ದು ಗಾಳಿಪೆಟ್ಟಿಗೆಗೆ. ನನಗೂ ಆಗ ಐದು ತಿಂಗಳು. ಸೆರಗನ್ನು ಎಷ್ಟು ಎಳೆದುಕೊಂಡರೂ ಗೊತ್ತಾಗುತ್ತಿತ್ತು.

“ಒಳಗೆ ಎಂತ ಹಾಕ್ಲಿಕ್ಕೆ ಟೀಚರೇ?”

“ಗಾಳಿ.”

ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟರು. “ಗಾಳಿ ಹಾಕ್ಲಿಕ್ಕೆ ಹಲಸಿನ ಮರವಾ ಮಾರಾಯ್ರೆ!”

ನಾನು ಅಲ್ಲೇ ನಿಂತು ಪಾಠ ಶುರುಮಾಡಿದೆ. ಮೇಷ್ಟರ ಬುದ್ಧಿ ನೋಡಿ, ಕೇಳುವವರು ಒಬ್ಬರು ಸಿಕ್ಕಿದರೆ ಸಾಕು. ಅವರು ಬಹಳ ತಾಳ್ಮೆಯಿಂದ ಕೇಳಿದರು. ನಾನು ಕೊಟ್ಟ ಚೀಟಿ ನೋಡಿದರು, ಗೋಡೆಯಲ್ಲಿ ತೂಗುತ್ತಿದ್ದ ಅಳತೆಯ ಕೋಲನ್ನು ತೆಗೆದರು, ಹಲಗೆಯ ಮೇಲೆ ಪೆನ್ಸಿಲಿನಿಂದ ಏನೋ ಕೂಡಿಸಿ ಕಳೆದರು. ಒಮ್ಮೆ ನನ್ನ ಹೊಟ್ಟೆಯ ಕಡೆ ನೋಡಿದರು, ಮತ್ತೆ ಚೀಟಿ ನೋಡಿದರು.

“ಇದೇ ಅಳತೆ ಆಗ್ಬೇಕಾ? ಸ್ವಲ್ಪ ಆಚೀಚೆ ಆದ್ರೆ?”

“ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದು, ಆಚಾರ್ರೇ.”

“ನೋಡುವ” ಎಂದರು.

ನಮ್ಮ ಊರಿನ ‘ನೋಡುವ’ ನಿಮಗೆ ಗೊತ್ತಿರಬೇಕು. ಮದುವೆಗೆ ಬನ್ನಿ ಎಂದರೆ ‘ನೋಡುವ’, ನಾಳೆ ಬಂದು ಮನೆಯ ಹೆಂಚಿನ ಮಾಡು ರಿಪೇರಿ ಮಾಡಿ ಎಂದರೆ ‘ನೋಡುವ’. ಹೌದೋ ಅಲ್ಲವೋ ದೇವರಿಗೇ ಗೊತ್ತು. ಪುತ್ತೂರಿನಲ್ಲಿ ಹುಟ್ಟಿ ಬೆಳೆದ ನನಗೆ ಆ ‘ನೋಡುವ’ದ ಅರ್ಥ ಆಗಲೇ ಆಗಬೇಕಿತ್ತು.

ಹತ್ತು ದಿನ ಬಿಟ್ಟು ಅವರೇ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕಂಡಕ್ಟರ್ ಒಳಗೆ ಎಂತ ಎಂದು ಕೇಳಿದನಂತೆ. ಎಂತ ಇಲ್ಲ ಎಂದರಂತೆ. ಮತ್ತೆ ಎಂತಕ್ಕೆ ಇಷ್ಟು ಜಾಗ್ರತೆ ಎಂದು ಅವನು ಕೇಳಿದ್ದಕ್ಕೆ, “ಕಾಲೇಜಿನ ಟೀಚರಿಗೆ ಗಾಳಿ ಕೊಂಡೋಗುದು” ಎಂದು ಹೇಳಿ ಬಸ್ಸನ್ನೇ ನಗಿಸಿದ್ದರು. ಪೆಟ್ಟಿಗೆ ಎಂದರೆ ಪೆಟ್ಟಿಗೆ! ಒಂದು ಮೊಳೆ ಇಲ್ಲ, ಮೂಲೆಗಳು ಕೈಬೆರಳು ಹೆಣೆದ ಹಾಗೆ ಕೂತಿದ್ದವು. ಮುಚ್ಚಳ ಜಾರಿಸಿದರೆ ಸದ್ದೇ ಇರಲಿಲ್ಲ.

ನಾನು ಅಳೆದು ನೋಡಿದೆನೇ ಎಂದು ನೀವು ಕೇಳಬಹುದು. ಇಲ್ಲ. ಪ್ರಯೋಗ ಮಾಡಿ ಪರೀಕ್ಷಿಸಿ ನೋಡಬೇಕು, ಯಾರು ಹೇಳಿದರೂ ನಂಬಬಾರದು ಎಂದು ಮಕ್ಕಳಿಗೆ ದಿನಾ ಬೋಧಿಸುವವಳು ಒಂದು ಸ್ಕೇಲು ಹಿಡಿದು ನೋಡಲಿಲ್ಲ. ನೇರ ತರಗತಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟು, “ಇದೇ ಒಂದು ಮೋಲ್” ಎಂದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಒಬ್ಬ ಒಳಗೆ ತಲೆ ಹಾಕಿ ಕೂಗಿದ. ಆ ವರ್ಷದಿಂದ ಅದು ಕಾಲೇಜಿನ ಆಸ್ತಿಯಾಯಿತು. ಕನ್ನಡದ ಮೇಷ್ಟ್ರು ಪಿರಿಯಡ್ ಇಲ್ಲದಾಗ ಅದರ ಮೇಲೆ ಕಾಲು ಚಾಚಿ ನಿದ್ದೆ ಮಾಡುತ್ತಿದ್ದರು. ನಾನು ಜಗಳ ಮಾಡಿದರೆ, “ನಿಮ್ಮ ಗಾಳಿಗೆ ಏನೂ ಆಗುವುದಿಲ್ಲ ಬಿಡಿ” ಎನ್ನುತ್ತಿದ್ದರು.

ಇಲ್ಲಿಯವರೆಗೆ ನಗುತ್ತಾ ಹೇಳಿದೆ. ಇನ್ನು ಮುಂದಿನದ್ದನ್ನು ಹಾಗೆ ಹೇಳಲು ನನಗೆ ಬರುವುದಿಲ್ಲ.

ಎಂಟನೇ ತಿಂಗಳು ನಡೆಯುತ್ತಿದ್ದಾಗ ಪುತ್ತೂರಿನ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾಯಿತು. ಗಂಡು ಮಗು. ಅಳಲಿಲ್ಲ. ಅಳುವುದನ್ನು ಕಾಯುತ್ತಾ ನಾನು ಕಿವಿಗೊಟ್ಟು ಮಲಗಿದ್ದೆ, ಹೊರಗೆ ಯಾರೋ ಬಾಲ್ದಿ ಎಳೆಯುವ ಸದ್ದು ಕೇಳುತ್ತಿತ್ತು. ಒಂದು ಉಸಿರನ್ನೂ ಅವನು ಎಳೆದುಕೊಳ್ಳಲಿಲ್ಲವೆಂದು ಆಮೇಲೆ ನಮ್ಮವರು ಹೇಳಿದರು. ಅವನನ್ನು ನನಗೆ ಸರಿಯಾಗಿ ತೋರಿಸಲೂ ಇಲ್ಲ, ನೋಡಿದರೆ ಸಂಕಟ ಜಾಸ್ತಿಯಾಗುತ್ತದೆ ಎಂದು. ನೋಡದೆ ಇದ್ದರೆ ಸಂಕಟ ಕಡಿಮೆಯಾಗುತ್ತದೆಯೇ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಡಾಕ್ಟರು ಏನೋ ಕಾರಣ ಹೇಳಿದರು. ನನಗೆ ನನ್ನದೇ ಕಾರಣವಿತ್ತು. ಹೆರಿಗೆಗೆ ಹಿಂದಿನ ಮೂರು ತಿಂಗಳು ನಾನು ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಲವಣ ಪರೀಕ್ಷೆ ಮಾಡಿಸುತ್ತಿದ್ದೆ. ಅದಕ್ಕೆ ಹೈಡ್ರೋಜನ್ ಸಲ್ಫೈಡ್ ಬೇಕು. ಕೊಳೆತ ಮೊಟ್ಟೆಯ ವಾಸನೆಯ ಅನಿಲ, ವಿಷ. ನಮ್ಮ ಲ್ಯಾಬಿಗೆ ಇದ್ದದ್ದು ಎರಡೇ ಕಿಟಕಿ. ಅತ್ತೆ ರಜೆ ಹಾಕು ಎಂದರು, ನಮ್ಮವರೂ ಹೇಳಿದರು. ಮಕ್ಕಳ ಪ್ರಾಕ್ಟಿಕಲ್ ಹಾಳಾಗುತ್ತದೆ ಎಂದು ನಾನು ಕೇಳಲಿಲ್ಲ. ಅದರಿಂದಲ್ಲ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಆದರೂ ವರ್ಷಗಟ್ಟಲೆ ಮೊಟ್ಟೆ ಒಡೆಯುವ ಮೊದಲು ನಾನು ಅಡಿಗೆಮನೆಯ ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದೆ. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮವರಿಗೂ.

ರಜೆ ಮುಗಿಸಿ ಕಡಬಕ್ಕೆ ಬಂದ ಮೇಲೆ ಒಂದು ದಿನ ಪೇಟೆಯಲ್ಲಿ ವಾಸು ಆಚಾರಿಯವರು ಎದುರಾದರು. ನನ್ನನ್ನು ಕಂಡವರೇ ತಲೆ ತಗ್ಗಿಸಿ ಪಕ್ಕದ ಓಣಿಗೆ ತಿರುಗಿದರು. ಆ ದಿನಗಳಲ್ಲಿ ಸುಮಾರು ಮಂದಿ ಹಾಗೆ ಮಾಡುತ್ತಿದ್ದರು, ಏನು ಮಾತಾಡುವುದೆಂದು ಗೊತ್ತಾಗದೆ. ಇವರೂ ಹಾಗೆಯೇ ಎಂದುಕೊಂಡೆ. ಎರಡು ವರ್ಷಕ್ಕೆ ಮಗಳು ಹುಟ್ಟಿದಳು, ಕೆಲಸ, ಮನೆ, ಬಸ್ಸು ಎಂದು ದಿನ ಹೋಯಿತು. ಪೆಟ್ಟಿಗೆ ವರ್ಷಕ್ಕೊಮ್ಮೆ ಕಪಾಟಿನಿಂದಿಳಿದು ಮೇಜಿನ ಮೇಲೆ ಕೂತು ಮತ್ತೆ ಕಪಾಟಿಗೇರುತ್ತಿತ್ತು.

ಹದಿನಾರು ವರ್ಷ ಹೀಗೆ ನಡೆಯಿತು. ಆ ವರ್ಷದ ತರಗತಿಯಲ್ಲಿ ಫಾಯಿಜಾ ಎಂಬ ಹುಡುಗಿ ಇದ್ದಳು. ಚುರುಕೆಂದರೆ ಚುರುಕು, ಏನು ಹೇಳಿದರೂ ಅವಳಿಗೊಂದು ಪ್ರಶ್ನೆ. ನಾನು ಎಂದಿನಂತೆ “ಇದೇ ಒಂದು ಮೋಲ್, 22.4 ಲೀಟರ್” ಎಂದೆ. ಅವಳು ಎದ್ದು ಬಂದು ಸ್ಕೇಲನ್ನು ಪೆಟ್ಟಿಗೆಯೊಳಗೆ ಇಟ್ಟಳು.

“ಮಿಸ್, ಇದು ಇಪ್ಪತ್ತೊಂಬತ್ತು ಪಾಯಿಂಟ್ ಒಂದು ಬರ್ತದೆ.”

“ಸರಿಯಾಗಿ ಇಡು.”

“ಸರಿಯಾಗಿಯೇ ಇಟ್ಟದ್ದು ಮಿಸ್. ಮೂರು ಕಡೆಯೂ ಅಷ್ಟೇ ಉಂಟು.”

ಒಂಬತ್ತು ಮಿಲ್ಲಿಮೀಟರ್ ಜಾಸ್ತಿ. ಹದಿನಾರು ವರ್ಷ ನಾನು ತಪ್ಪು ಪೆಟ್ಟಿಗೆ ತೋರಿಸಿ ಪಾಠ ಮಾಡಿದ್ದೆ. ತರಗತಿ ಗೊಳ್ಳೆಂದಿತು. ನಕ್ಕು ಬಿಡಬಹುದಾದ ಸಂಗತಿ, ಬೇರೆ ವರ್ಷವಾಗಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಆದರೆ ಆ ವರ್ಷ ನನ್ನೆದುರು ಕೂತ ಮಕ್ಕಳಿಗೆಲ್ಲ ಹದಿನಾರು. ಹಾಜರಿ ಪುಸ್ತಕದಲ್ಲಿ ಹುಟ್ಟಿದ ತಾರೀಕುಗಳನ್ನು ನೋಡಬಾರದೆಂದುಕೊಂಡೂ ಜೂನ್ ತಿಂಗಳಲ್ಲೇ ನೋಡಿಯಾಗಿತ್ತು. ನನ್ನ ಮಗ ಇದ್ದಿದ್ದರೆ ಅವರ ನಡುವೆ ಎಲ್ಲೋ ಕೂತು ನನ್ನನ್ನು ನೋಡಿ ನಗುತ್ತಿದ್ದ.

ಅವತ್ತು ಸಂಜೆ ನೆಟ್ಟಣದ ಬಸ್ಸು ಹತ್ತಿದೆ. ವಾಸು ಆಚಾರಿಯವರು ಒಂದು ತೊಟ್ಟಿಲಿನ ಕಾಲು ಕಡೆಯುತ್ತಿದ್ದರು. ನಾನು ನಿಂತಲ್ಲಿಂದಲೇ ಕೂಗಾಡಿದೆ. “ನಿಮ್ಮ ಅಳತೆ ತಪ್ಪಿದೆ, ಆಚಾರ್ರೇ! ಕೂದಲೆಳೆಯಷ್ಟೂ ತಪ್ಪಬಾರದು ಅಂತ ನಾನು ಹೇಳಿರ್ಲಿಲ್ವಾ? ನೀವು ಮಾಡಿದ್ದಕ್ಕೆ ನಾನು ಅನುಭವಿಸ್ಬೇಕಾ?” ಇನ್ನೂ ಏನೇನೋ ಹೇಳಿದೆ. ಒಂಬತ್ತು ಮಿಲ್ಲಿಮೀಟರಿಗೆ ಯಾರೂ ಅಷ್ಟು ಕೂಗುವುದಿಲ್ಲ. ನಾನು ಕೂಗಿದ್ದು ಬೇರೆ ಯಾವುದಕ್ಕೋ, ಸಿಕ್ಕಿದವರು ಅವರು.

ಅವರು ಎದ್ದು ನಿಂತು ತಲೆ ತಗ್ಗಿಸಿ ಕೇಳಿದರು. ಕೊನೆಗೆ, “ಹೌದು ಟೀಚರೇ. ನನ್ನದೇ ತಪ್ಪು” ಎಂದರು. ಅಷ್ಟೇ. ಯಾಕೆ ಹಾಗೆ ಮಾಡಿದಿರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಇನ್ನು ನನ್ನ ನಿಜವಾದ ತಪ್ಪನ್ನು ಹೇಳುತ್ತೇನೆ. ವಾರ ಕಳೆದಿರಬಹುದು, ಕಪ್ಪುಹಲಗೆಯಲ್ಲಿ ಅನಿಲಗಳ ಲೆಕ್ಕ ಮಾಡಿಸುತ್ತಿದ್ದೆ. 22.4 ಲೀಟರ್ ಎಂಬುದು ಸೊನ್ನೆ ಡಿಗ್ರಿಯ ಮಾತು, ನೀರು ಮಂಜುಗಡ್ಡೆಯಾಗುವ ಚಳಿಯಲ್ಲಿ. ಬಿಸಿಯಾದಂತೆ ಅನಿಲ ಹಿಗ್ಗುತ್ತದೆ. ಇಪ್ಪತ್ತೇಳು ಡಿಗ್ರಿಗೆ ಎಷ್ಟಾಗುತ್ತದೆ ಎಂಬುದು ಅವತ್ತಿನ ಲೆಕ್ಕ. ಉತ್ತರ 24.6 ಲೀಟರ್ ಬಂತು. ನನಗೆ ಏನೋ ಹೊಳೆದು ಮೂಲೆಯಲ್ಲಿ 29.1ನ್ನು ಮೂರು ಸಲ ಗುಣಿಸಿದೆ. ಅದೂ 24.6. ನಮ್ಮ ಊರಿನಲ್ಲಿ ಸೊನ್ನೆ ಡಿಗ್ರಿಯನ್ನು ಕಂಡವರು ಯಾರು? ಡಿಸೆಂಬರಿನ ಬೆಳಗ್ಗೆ ತಲೆಗೆ ಟವೆಲು ಸುತ್ತಿಕೊಂಡು ಚಳಿ ಚಳಿ ಎನ್ನುವವರು ನಾವು. ಕಡಬದ ಹವೆಗೆ ಒಂದು ಮೋಲ್ ಗಾಳಿಯ ಗಾತ್ರ ಎಷ್ಟೋ, ವಾಸು ಆಚಾರಿಯವರ ಪೆಟ್ಟಿಗೆಯೂ ಅಷ್ಟೇ ಇತ್ತು. ಕಾಕತಾಳೀಯ ಎಂದುಕೊಂಡೆ. ಆದರೆ ಸರಿ ಸರಿಯೇ.

ಆಮೇಲೆ ಅದೇ ನನ್ನ ಹೆಸರುವಾಸಿ ಪಾಠವಾಯಿತು. “ಪುಸ್ತಕದ ಮೋಲ್ ಒಂದು, ಕಡಬದ ಮೋಲ್ ಇನ್ನೊಂದು” ಎಂದು ಮಂಗಳೂರಿನ ಶಿಕ್ಷಕರ ಕಾರ್ಯಾಗಾರದಲ್ಲೂ ಪೆಟ್ಟಿಗೆ ತೋರಿಸಿ ಚಪ್ಪಾಳೆ ತಟ್ಟಿಸಿಕೊಂಡೆ. ಚಪ್ಪಾಳೆ ಯಾರಿಗೆ ಸೇರಬೇಕಿತ್ತೋ ಅವರಿಗೆ ಒಂದು ಮಾತು ಹೇಳಲಿಲ್ಲ. ನೆಟ್ಟಣದ ಬಸ್ಸು ಕಾಲೇಜಿನ ಎದುರಿನಿಂದಲೇ ಹೋಗುತ್ತಿತ್ತು. ಬೈಯಲು ಹೋದವಳಿಗೆ ತಪ್ಪಾಯಿತು ಎನ್ನಲು ಹೋಗುವುದಕ್ಕೆ ನಾಚಿಕೆ. ನಾಳೆ, ಬರುವ ವಾರ, ಪರೀಕ್ಷೆ ಮುಗಿಯಲಿ ಎನ್ನುತ್ತಾ ಹದಿನೈದು ವರ್ಷ ಕಳೆದವು. ನಿವೃತ್ತಿಯೂ ಆಯಿತು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಪೆಟ್ಟಿಗೆಯನ್ನು ನನ್ನ ಜೊತೆಯಲ್ಲೇ ಮನೆಗೆ ಕಳಿಸಿದರು.

ಹೋದ ತಿಂಗಳು ಫಾಯಿಜಾ ಫೋನ್ ಮಾಡಿದಳು. ಅವಳೀಗ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್.

“ಮಿಸ್, ನಿಮ್ಮ ಪೆಟ್ಟಿಗೆ ಮಾಡಿದ ಆಚಾರಿ ಉಂಟಲ್ಲ, ಇಲ್ಲಿ ಅಡ್ಮಿಟ್ ಇದ್ರು. ಮರದ ಹೊಡಿ ಮೂಗಿಗೆ ಹೋಗಿ ಹೋಗಿ ಶ್ವಾಸಕೋಶ ಪೂರಾ ಹೋಗಿದೆ. ನಿನ್ನೆ ಮನೆಗೆ ಕಳಿಸಿದ್ದಾರೆ, ಆಕ್ಸಿಜನ್ ಮೆಷಿನ್ ಕೊಟ್ಟು. ನಿಮ್ಮನ್ನು ಒಮ್ಮೆ ಕೇಳಿದ್ರು. ಹೋಗುದಾದ್ರೆ ಬೇಗ ಹೋಗಿ ಮಿಸ್.”

ಮರುದಿನವೇ ಹೋದೆ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು. ಕಂಡಕ್ಟರ್ ಏನೂ ಕೇಳಲಿಲ್ಲ. ಅಂಗಳದ ಕೊಟ್ಟಿಗೆಯಲ್ಲಿ ಮರದ ವಾಸನೆಯೇ ಇರಲಿಲ್ಲ. ಅವರ ಹೆಂಡತಿ ಕಮಲಕ್ಕ ಹೊರಗೆ ಬಂದು, ಪೆಟ್ಟಿಗೆಯನ್ನು ನೋಡಿ ಜಗಲಿಯಲ್ಲೇ ನಿಂತರು.

“ಟೀಚರೇ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅವತ್ತು ನೀವು ಬೈದು ಹೋದ ಮೇಲೆ ಇವರು ತೊಟ್ಟಿಲು ಮಾಡುದೇ ಬಿಟ್ರು. ಕೈಯಲ್ಲಿದ್ದದ್ದನ್ನು ಸಹ ಅರ್ಧದಲ್ಲಿ ಬಿಟ್ಟದ್ದು. ಎಷ್ಟು ಜನ ಬಂದು ಕೇಳಿದ್ರು, ಆಗುದಿಲ್ಲ ಅಂತ ಕಳಿಸಿದ್ರು. ನನ್ನ ಹತ್ರ ಸಹ ಕಾರಣ ಹೇಳ್ಲಿಲ್ಲ. ನೀವು ಎಂತ ಹೇಳಿದ್ದು ಅವರಿಗೆ?”

ನನಗೆ ಏನೂ ಅರ್ಥವಾಗಲಿಲ್ಲ. ಒಂದು ಪೆಟ್ಟಿಗೆಯ ಅಳತೆಗೆ ಬೈದರೆ ಯಾರಾದರೂ ತೊಟ್ಟಿಲು ಮಾಡುವುದನ್ನು ಬಿಡುತ್ತಾರೆಯೇ?

ಒಳಗೆ ಅವರು ಎರಡು ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ನಳಿಗೆ, ಪಕ್ಕದಲ್ಲಿ ಗುರುಗುಟ್ಟುವ ಯಂತ್ರ. ಅಷ್ಟು ದಪ್ಪವಿದ್ದ ತೋಳುಗಳು ಬತ್ತಿಹೋಗಿದ್ದವು. ನನ್ನನ್ನು ನೋಡಿ ಏಳಲು ಹೊರಟರು.

“ಈ ಮೆಷಿನ್... ನಿಮಿಷಕ್ಕೆ ಎರಡು ಲೀಟರ್ ಕೊಡ್ತದಂತೆ ಟೀಚರೇ” ಎಂದರು. “ನಿಮ್ಮ ಪೆಟ್ಟಿಗೆಯದ್ದು... ಎಷ್ಟು ಹೊತ್ತಿಗೆ ಬರ್ಬಹುದು?”

ಹನ್ನೆರಡು ನಿಮಿಷ. ಲೆಕ್ಕ ನನಗೆ ಗೊತ್ತಿತ್ತು. ಆದರೆ ಆ ಎದೆ ಏಳುವುದನ್ನೂ ಬೀಳುವುದನ್ನೂ ನೋಡುತ್ತಾ ಹೇಳಲು ಬಾಯಿ ಬರಲಿಲ್ಲ. ಅದರ ಬದಲು ಹೇಳಬೇಕಾದ್ದನ್ನು ಹೇಳಿದೆ. “ಆಚಾರ್ರೇ, ನಿಮ್ಮ ಅಳತೆ ಸರಿ ಇತ್ತು. ನನ್ನದು ಮಂಜುಗಡ್ಡೆಯ ಊರಿನ ಅಳತೆ. ನಮ್ಮ ಊರಿಗೆ ನೀವು ಮಾಡಿದ್ದೇ ಸರಿ. ಹದಿನೈದು ವರ್ಷದಿಂದ ನನಗೆ ಗೊತ್ತುಂಟು, ಬಂದು ಹೇಳ್ಲಿಲ್ಲ. ನನ್ನದು ದೊಡ್ಡ ತಪ್ಪು.”

ಅವರು ದಿಂಬಿನಿಂದ ಸ್ವಲ್ಪ ಮುಂದಕ್ಕೆ ಬಾಗಿದರು. ಆಮೇಲೆ ಕೇಳಿದರು. “ಹಾಗಾದ್ರೆ... ಮಗು ಎಂತಕ್ಕೆ ಹೋದದ್ದು?”

ಯಾವ ಮಗು ಎಂದು ನಾನು ಕೇಳಲಿಲ್ಲ. ಅವರೇ ನಿಲ್ಲಿಸಿ ನಿಲ್ಲಿಸಿ ಹೇಳಿದರು. ನಮ್ಮ ಕಡೆಯ ಆಚಾರಿಗಳು ಮನೆಗೆ, ಬಾವಿಗೆ, ಮಂಚಕ್ಕೆ ಆಯ ನೋಡುತ್ತಾರೆ, ಅದು ನನಗೂ ಗೊತ್ತಿತ್ತು. ಕೋಲಿನಲ್ಲಿ ಸುತ್ತಳತೆ ಲೆಕ್ಕ ಹಾಕಿ, ಭಾಗಿಸಿ, ಬಾಲ್ಯವೋ ಯೌವನವೋ ಮುಪ್ಪೋ ಮರಣವೋ ಎಂದು ತಿಳಿಯುತ್ತಾರೆ. ಮರಣ ಬಂದರೆ ಆ ಅಳತೆಯಲ್ಲಿ ಮಾಡುವುದಿಲ್ಲ. ನನ್ನ ಚೀಟಿಯ ಅಳತೆಗೆ ಮರಣ ಬಂದಿತ್ತು.

“ನೀವು ಬಸುರಿ. ಅಂಥ ಅಳತೆಯ ಪೆಟ್ಟಿಗೆ... ನಿಮ್ಮ ಕೈಗೆ ಕೊಡುದು ಹೇಗೆ? ಮೂರು ನೂಲು ಜಾಸ್ತಿ ಇಟ್ಟೆ, ನಿಮ್ಮ ಆ ಒಂಬತ್ತು ಮಿಲ್ಲಿಮೀಟರು. ಮರಣ ದಾಟ್ತದೆ ಅಂತ. ಮತ್ತೆ ನೋಡಿದ್ರೆ ಮಗು ಹೋಯ್ತು ಅಂತ ಸುದ್ದಿ. ನನ್ನ ಲೆಕ್ಕ ಎಲ್ಲಿಯಾದ್ರೂ ತಪ್ಪಿತಾ ಅಂತ ಆಗ್ಲೇ ಸಂಶಯ. ನೀವು ಬಂದು... ಅಳತೆ ತಪ್ಪಿದೆ, ನಾನು ಅನುಭವಿಸ್ಬೇಕಾ ಅಂತ ಹೇಳಿದಾಗ... ನಿಮಗೂ ಗೊತ್ತಾಯ್ತು ಅಂತ ಎಣಿಸಿದೆ. ಅಂಥ ಕೈಯಲ್ಲಿ ತೊಟ್ಟಿಲು ಮಾಡುದು ಬೇಡ ಅಂತ.”

ಕಮಲಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅತ್ತುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದು ಕಂಠಪಾಠ ಮಾಡಿಕೊಂಡಿದ್ದ ಮಾತುಗಳೆಲ್ಲ ಹೋದವು. ಬದಲಿಗೆ ಯಾರಿಗೂ ಹೇಳದ ಮಾತು ಬಂತು. ಲ್ಯಾಬಿನದ್ದು, ಕೊಳೆತ ಮೊಟ್ಟೆಯ ವಾಸನೆಯದ್ದು, ರಜೆ ಹಾಕದೆ ಇದ್ದದ್ದು, ಎಲ್ಲವನ್ನೂ ಹೇಳಿದೆ.

“ಡಾಕ್ಟ್ರು ಎಂತ ಹೇಳಿದ್ರು?” ಎಂದರು.

“ಅದರಿಂದ ಅಲ್ಲ ಅಂತ ಹೇಳಿದ್ರು.”

“ಮತ್ತೆ ನೀವು ಎಂತಕ್ಕೆ ನಂಬ್ಲಿಲ್ಲ?”

“ಪೆಟ್ಟಿಗೆಯಿಂದ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ನೀವು ನಂಬ್ತಿದ್ರಾ?”

ಅವರಿಗೆ ನಗು ಬಂತು. ನಗು ಕೆಮ್ಮಾಗಿ, ಕಮಲಕ್ಕ ಬಂದು ಬೆನ್ನು ನೀವಿದರು. ಸುಧಾರಿಸಿಕೊಂಡು ಅವರು ಪೆಟ್ಟಿಗೆ ಹತ್ತಿರ ತರಲು ಸನ್ನೆ ಮಾಡಿದರು. ಕೊಟ್ಟಿಗೆಯ ಗೋಡೆಯಿಂದ ಅಳತೆಯ ಕೋಲನ್ನು ತರಿಸಿ, ಒಳಗಿಟ್ಟು ಅಳೆದರು. ತುಟಿಯಲ್ಲೇ ಲೆಕ್ಕ ಹಾಕಿದರು. “ಮರಣ ಇಲ್ಲ” ಎಂದರು. “ಸರಿಯೇ ಉಂಟು.”

ಮೂವತ್ತು ವರ್ಷ ಹಿಂದೆ ಸತ್ತ ಒಂದು ಮಗುವಿಗಾಗಿ ನಾವಿಬ್ಬರೂ ಬೇರೆ ಬೇರೆ ಕಡೆ ಕೂತು ತಪ್ಪು ಹೊತ್ತಿದ್ದೆವು. ಒಂದು ಬಸ್ಸಿನ ದಾರಿ ನಡುವೆ ಇತ್ತು, ನಾನು ಹೋಗಲಿಲ್ಲ.

ಹೊರಡುವಾಗ ಅವರು ಮಗಳನ್ನು ವಿಚಾರಿಸಿದರು. ಅವಳನ್ನು ಮಂಡೆಕೋಲು ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದೆ, ಈಗ ಏಳು ತಿಂಗಳು ಎಂದೆ.

“ತೊಟ್ಟಿಲು ಆಯ್ತಾ?”

“ಇಲ್ಲ.”

“ಬರ್ಕೊಳ್ಳಿ. ನನ್ನಿಂದ ಮಾಡ್ಲಿಕ್ಕೆ ಇನ್ನು ಆಗ್ಲಿಕ್ಕಿಲ್ಲ. ಯಾರತ್ರ ಆದ್ರೂ ಮಾಡಿಸಿ. ಅಳತೆ ನನ್ನದಿರ್ಲಿ.” ನಾನು ಚೀಲದಿಂದ ಕಾಗದ ತೆಗೆದರೆ ಬೇಡ ಎಂದರು. “ಮರದಲ್ಲೇ ಬರೀರಿ. ಕಾಗದ ಹೋಗ್ತದೆ.”

ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಅವರದೇ ಪೆನ್ಸಿಲಿನಿಂದ ಬರೆದುಕೊಂಡೆ. ಉದ್ದ, ಒಂದು ಕೋಲು ಐದು ಅಂಗುಲ ಎರಡು ನೂಲು. ಅಗಲ, ಹದಿನೆಂಟು ಅಂಗುಲ ಒಂದು ನೂಲು. ಪ್ರತಿಯೊಂದಕ್ಕೂ ಮೊದಲು ಉಸಿರು ಕೂಡಿಸಿಕೊಳ್ಳುತ್ತಿದ್ದರು. “ಎತ್ತರ...” ಎಂದವರಿಗೆ ಮತ್ತೆ ಕೆಮ್ಮು ಒತ್ತಿಕೊಂಡು ಬಂತು. ಇವತ್ತಿಗೆ ಸಾಕು ಎಂದರು ಕಮಲಕ್ಕ.

“ನಾಳೆ ಹೇಳ್ತೇನೆ” ಎಂದರು ಅವರು.

“ಅವಸರ ಇಲ್ಲ ಆಚಾರ್ರೇ, ಇನ್ನೂ ಎರಡು ತಿಂಗಳು ಉಂಟಲ್ಲ” ಎಂದೆ ನಾನು. ಹದಿನೈದು ವರ್ಷ ನಾಳೆ ನಾಳೆ ಎಂದು ಕಳೆದವಳಿಗೆ ಅಷ್ಟಾದರೂ ಬುದ್ಧಿ ಬಂದಿರಲಿಲ್ಲ. ಮರುದಿನ ಮಗಳನ್ನು ಡಾಕ್ಟರಿಗೆ ತೋರಿಸಲಿಕ್ಕಿತ್ತು, ಅದರ ಮರುದಿನ ಮನೆಗೆ ನೆಂಟರು ಬಂದರು. ನಾಲ್ಕನೇ ದಿನ ಬೆಳಗ್ಗೆ ಫಾಯಿಜಾ ಫೋನ್ ಮಾಡಿದಳು. ನಾನು ಎತ್ತುವ ಮೊದಲೇ ನನಗೆ ಗೊತ್ತಾಗಿತ್ತು.

ಉದ್ದ ಉಂಟು, ಅಗಲ ಉಂಟು, ಎತ್ತರ ಇಲ್ಲ. ಎತ್ತರವಿಲ್ಲದೆ ಯಾವ ವಸ್ತುವಿಗೂ ಗಾತ್ರವಿಲ್ಲ ಎಂದು ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಪುತ್ತೂರಿನ ಒಬ್ಬ ಮರದ ಕೆಲಸದವರಿಗೆ ಮುಚ್ಚಳ ತೋರಿಸಿದೆ. “ಈ ಕೋಲು ಅಂಗುಲ ಎಲ್ಲ ಈಗ ಯಾರಿಗೆ ಬೇಕು ಮೇಡಂ? ಎತ್ತರ ಅಂದಾಜಿನಲ್ಲಿ ಇಡುವ” ಎಂದರು. ಆಯ, ಮರಣ ಇವನ್ನೆಲ್ಲ ನಾನು ನಂಬುತ್ತೇನೆಯೇ ಎಂದು ಕೇಳಿದರೆ ಇಲ್ಲ. ಆದರೆ ಅಂದಾಜಿಗೆ ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ಮುಚ್ಚಳ ಹಿಡಿದುಕೊಂಡು ವಾಪಸು ಬಂದೆ.

ಗ್ಯಾಸಿನವರು ಹೋದ ಮೇಲೆ ಇದೆಲ್ಲ ನೆನಪಾಗಿ ಮನೆಯಲ್ಲಿ ಕೂರಲಾಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಮತ್ತೆ ನೆಟ್ಟಣದ ಬಸ್ಸು ಹತ್ತಿದೆ. ಕಮಲಕ್ಕ ಒಬ್ಬರೇ ಜಗಲಿಯಲ್ಲಿದ್ದರು. ಮುಚ್ಚಳ ತೋರಿಸಿ, ತೊಟ್ಟಿಲಿನ ಎತ್ತರ ಎಲ್ಲಾದರೂ ಬರೆದಿಟ್ಟಿದ್ದಾರಾ ಎಂದು ಕೇಳಿದೆ.

“ಅವರು ಎಂತ ಬರೆದಿಡ್ತಾರೆ ಟೀಚರೇ, ಎಲ್ಲ ಬಾಯಲ್ಲಿ.” ಅವರು ಬಲಗೈಯನ್ನು ನೋಡಿಕೊಂಡರು. “ಆದ್ರೆ ತೊಟ್ಟಿಲು ಆದ ಮೇಲೆ ಒಳಗೆ ತೆಂಗಿನೆಣ್ಣೆ ಉಜ್ಜುದು ನನ್ನ ಕೆಲಸ. ಎಷ್ಟು ತೊಟ್ಟಿಲಿಗೆ ಉಜ್ಜಿದ್ದೇನೆ! ಬೆರಳು ತಳಕ್ಕೆ ಮುಟ್ಟುವಾಗ ಮೇಲಿನ ಅಂಚು ಇಲ್ಲಿಗೆ ತಾಗ್ತಿತ್ತು. ಯಾವಾಗಲೂ ಇಲ್ಲಿಗೇ.”

ಮೊಣಕೈಯಿಂದ ಎರಡು ಬೆರಳು ಕೆಳಗೆ ಮುಟ್ಟಿ ತೋರಿಸಿದರು. ಅಲ್ಲಿ ಚರ್ಮ ಗೆರೆ ಹಾಕಿದ ಹಾಗೆ ಸ್ವಲ್ಪ ಒರಟಾಗಿತ್ತು. ಬಳೆ ತೆಗೆದ ಕೈಯನ್ನು ಅವರು ನನ್ನ ಮುಂದೆ ನೇರ ಚಾಚಿದರು. ನಾನು ಚೀಲದಿಂದ ಟೇಪು ತೆಗೆದು ಬೆರಳ ತುದಿಯಿಂದ ಆ ಗೆರೆಯವರೆಗೆ ಹಿಡಿದೆ. ಮುಚ್ಚಳದಲ್ಲಿ ಬರೆಯುವ ಮೊದಲು ಇನ್ನೊಮ್ಮೆ ಅಳೆದೆ.